ಸಾಲಕ್ಕೆ ಅರ್ಹತೆ ಇತ್ತು, ಆದರೂ ಬೇಡವೆಂದೆವು

ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲಾಟಿಗೆ 85 ಲಕ್ಷ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಕನಕಪುರ ರಸ್ತೆಯ ಕಡೆ ಅಂಥದ್ದೊಂದನ್ನು ನಾವೂ ನೋಡಿ ಬಂದೆವು. ಗಾಳಿ ಬೆಳಕು ಚೆನ್ನಾಗಿತ್ತು, ಅಡುಗೆಮನೆಯ ಪಕ್ಕದಲ್ಲೇ ಪಾತ್ರೆ ತೊಳೆಯಲು ಜಾಗವಿತ್ತು, ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗಬಹುದಿತ್ತು. ಬ್ಯಾಂಕಿನಲ್ಲಿ ವಿಚಾರಿಸಿದಾಗ ನಮ್ಮಿಬ್ಬರ ಸಂಬಳ ನೋಡಿ, ಬೆಲೆಯ ಶೇ 80ರಷ್ಟು, ಅಂದರೆ 68 ಲಕ್ಷ ಸಾಲ ಕೊಡುತ್ತೇವೆ ಎಂದರು. ಮನೆ ಸಿದ್ಧವಿತ್ತು, ಸಾಲ ಕೊಡುವವರಿದ್ದರು, ನಮಗೂ ಆಸೆ ಇತ್ತು. ಆದರೂ ಬೇಡವೆಂದೆವು. ಆ ತೀರ್ಮಾನಕ್ಕೆ ಬಂದದ್ದು ಹೇಗೆಂದು ಓದುಗರು ಹಲವರು ಕೇಳಿದ್ದಾರೆ. ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ.

68 ಲಕ್ಷಕ್ಕೆ ಶೇ 8.5ರ ಬಡ್ಡಿ, 20 ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು 59 ಸಾವಿರ ರೂಪಾಯಿ. ಮೊದಲ ಕಂತಿನಲ್ಲಿ 48 ಸಾವಿರಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು 11 ಸಾವಿರದೊಳಗೆ. 20 ವರ್ಷ ತಪ್ಪದೆ ಕಟ್ಟಿದರೆ ಒಟ್ಟು 1 ಕೋಟಿ 41 ಲಕ್ಷ ದಾಟುತ್ತದೆ. ಇದಲ್ಲದೆ ನಮ್ಮ ಕೈಯಿಂದ ಹಾಕಬೇಕಾದ 17 ಲಕ್ಷ, ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ನೋಂದಣಿಗೇ 6 ಲಕ್ಷಕ್ಕೂ ಹೆಚ್ಚು ಎತ್ತಿಡಬೇಕು. ಕಪಾಟು, ಫ್ಯಾನು, ದೀಪ, ಗೃಹಪ್ರವೇಶ ಇದರಲ್ಲಿ ಸೇರಿಲ್ಲ.

ನಮ್ಮಿಬ್ಬರದೂ ಸೇರಿ ತಿಂಗಳಿಗೆ ಕೈಗೆ ಬರುವುದು 1 ಲಕ್ಷ 20 ಸಾವಿರ. ನಾನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ನನ್ನ ಗಂಡ ಖಾಸಗಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೆಚ್ಚುಕಡಿಮೆ ಅರ್ಧ ಸಂಬಳ ಕಂತಿಗೆ. ಹನುಮಂತನಗರದಲ್ಲಿ ಈಗಿರುವ ಬಾಡಿಗೆ ಮನೆಗೆ ಕೊಡುತ್ತಿರುವುದು 24 ಸಾವಿರ. ವರ್ಷಕ್ಕೆ 2 ಲಕ್ಷ 88 ಸಾವಿರ. ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೊಂದೇ 5 ಲಕ್ಷ 70 ಸಾವಿರದಷ್ಟಾಗುತ್ತದೆ. "ಬಾಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ" ಎನ್ನುವ ಹಿತೈಷಿಗಳಿಗೆ ನಾನು ಈ ಎರಡು ಅಂಕಿಗಳನ್ನು ಬರೆದು ತೋರಿಸುತ್ತೇನೆ. ತೆರಿಗೆ ಉಳಿಯುತ್ತದೆ ಎಂಬ ಮಾತೂ ಈಗ ನಮ್ಮಂಥವರಿಗೆ ಅನ್ವಯಿಸುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ನಮ್ಮಲ್ಲಿ ಯಾರ ಸಂಬಳವೂ ಅಷ್ಟಿಲ್ಲ. ಕಟ್ಟದ ತೆರಿಗೆಯನ್ನು ಉಳಿಸುವುದೆಲ್ಲಿಂದ ಬಂತು?

ಆದರೆ ಲೆಕ್ಕ ಮಾತ್ರದಿಂದ ಮನಸ್ಸು ಒಪ್ಪುವುದಿಲ್ಲ. ಮನೆಯ ಬೆಲೆ ಏರುತ್ತದೆ, ಸಂಬಳವೂ ಏರುತ್ತದೆ, ಮೊದಲ ಐದು ವರ್ಷ ಹಲ್ಲು ಕಚ್ಚಿಕೊಂಡರೆ ಆಮೇಲೆ ಸಲೀಸು ಎಂದು ಎಲ್ಲರೂ ಹೇಳುತ್ತಾರೆ. ಐಟಿ ಕಂಪನಿಯಲ್ಲಿ 30ರ ವಯಸ್ಸಿನವರಿಗೆ ಅದು ನಿಜವೂ ಇರಬಹುದು. ನಮ್ಮ ಮನೆಯಲ್ಲಿ ಒಂದು ರಾತ್ರಿ ಊಟವಾದ ಮೇಲೆ ನನ್ನವರು ಮೆಲ್ಲಗೆ ಒಂದು ಮಾತು ಹೇಳಿದರು: "ನೋಡೇ, ಇನ್ನು ಹತ್ತು ವರ್ಷ ಕಳೆದರೂ ನನ್ನ ಸಂಬಳ ದುಪ್ಪಟ್ಟಾಗಲ್ಲ. ಮೇಷ್ಟ್ರ ಕೆಲಸ ಅಷ್ಟೇ." ನಾನು ಸಮಾಧಾನ ಹೇಳಲು ಹೋಗಲಿಲ್ಲ. "ನನ್ನದೂ ಆಗಲ್ಲ ರೀ" ಎಂದೆ. ಆ ಮಾತನ್ನು ನಾವು ಅದುವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಆಡಿದ ಮೇಲೆ ದುಃಖವಾಗಲಿಲ್ಲ, ಎದೆಯ ಭಾರ ಇಳಿಯಿತು. ಬರಲಿರುವ ಯಾವುದೋ ಹಣವನ್ನು ನೆಚ್ಚಿ ಬದುಕುವುದು ಅವತ್ತಿಗೆ ನಿಂತಿತು. ಇರುವ 1 ಲಕ್ಷ 20 ಸಾವಿರದಲ್ಲಿ ಏನೇನು ಆಗಬೇಕು ಎಂಬ ಪ್ರಶ್ನೆಯನ್ನು ಮೊದಲ ಸಲ ನೇರವಾಗಿ ಕೇಳಿಕೊಂಡೆವು.

ಮಗಳ ರಫ್ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದುಕೊಂಡು, ದುಡ್ಡು ಎಷ್ಟೇ ಕಡಿಮೆಯಾದರೂ ಬಿಡಲಾಗದ ಮೂರು ಸಂಗತಿಗಳನ್ನು ಇಬ್ಬರೂ ಬೇರೆ ಬೇರೆ ಬರೆದೆವು. ಒಬ್ಬರದನ್ನು ಒಬ್ಬರು ನೋಡುವಂತಿರಲಿಲ್ಲ. ಅವರ ಹಾಳೆಯಲ್ಲಿ ಮೊದಲ ಸಾಲು, "ಸಂಜೆ ಟ್ಯೂಷನ್ ಹೇಳುವುದಿಲ್ಲ." ಕಂತು ಕಟ್ಟಬೇಕಾದರೆ ಸಂಜೆ ಐದರಿಂದ ಒಂಬತ್ತರವರೆಗೆ ಟ್ಯೂಷನ್ ಹೇಳಲೇಬೇಕೆಂದು ಅವರು ಒಳಗೊಳಗೇ ಲೆಕ್ಕ ಹಾಕಿಟ್ಟಿದ್ದರು, ನನಗೆ ಹೇಳಿರಲಿಲ್ಲ. ಎರಡನೆಯದು, "ತಿಂಗಳಿಗೊಮ್ಮೆ ಅಮ್ಮನ ಹತ್ತಿರ." ಮೂರನೆಯದು ಮಗಳ ಓದು. ನನ್ನ ಹಾಳೆಯಲ್ಲಿ ಮೊದಲು ಮಗಳ ಓದು ಮತ್ತು ವೀಣೆ ಪಾಠ, ಆಮೇಲೆ ಅತ್ತೆಯ ಆರೋಗ್ಯ, ಕೊನೆಯಲ್ಲಿ "ಕೆಲಸ ಹೋದರೂ ಒಂದು ವರ್ಷ ಯಾರ ಮುಂದೆಯೂ ಕೈ ಚಾಚದ ಹಾಗಿರಬೇಕು." ಸ್ವಂತ ಮನೆ ಎರಡು ಹಾಳೆಯಲ್ಲೂ ಇರಲಿಲ್ಲ. ಬೇಕು ಎಂದು ಇಬ್ಬರೂ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆವು. ಮೂರರೊಳಗೆ ಬರೆಯಬೇಕಾದಾಗ ಅದಕ್ಕೆ ಜಾಗ ಸಿಗಲಿಲ್ಲ.

ಮಿತಿಯನ್ನು ಒಪ್ಪಿಕೊಳ್ಳುವುದೆಂದರೆ ಸೋಲೊಪ್ಪುವುದು ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಇಂಥಲ್ಲಿ ನೆನಪಾಗುವುದು 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನದು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳಂತೆ. ಈ ಕಥೆಯನ್ನು ಬಡತನದ ಹೊಗಳಿಕೆಯೆಂದು ಓದಬಾರದು. ಲಕ್ಕಮ್ಮನಿಗೆ ತನ್ನ ಮನೆಯ ಅಂದಿನ ದಾಸೋಹಕ್ಕೆ ಎಷ್ಟು ಅಕ್ಕಿ ಬೇಕೆಂಬುದು ಸ್ಪಷ್ಟವಾಗಿ ಗೊತ್ತಿತ್ತು. ಅಷ್ಟು ಗೊತ್ತಿದ್ದವಳಿಗೆ ಬೇಡ ಎನ್ನುವ ಧೈರ್ಯವೂ ಬಂತು.

ಇದನ್ನು ಬರೆಯುವಾಗ ಒಂದು ಎಚ್ಚರ ನನಗಿದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುವ ಹೆಣ್ಣುಮಗಳಿಗೆ ತೃಪ್ತಿಯ ಪಾಠ ಹೇಳುವ ಹಕ್ಕು ನನಗಿಲ್ಲ. ಅವಳಿಗೆ ಬೇಕಾಗಿರುವುದು ಹೆಚ್ಚು ಕೂಲಿ. ಬಾಡಿಗೆ, ರೇಷನ್, ಮಕ್ಕಳ ಫೀಸು ಕಳೆದರೆ ಏನೂ ಉಳಿಯದ ಮನೆಯಲ್ಲಿ ಆಯ್ಕೆ ಎಂಬುದೇ ಇರುವುದಿಲ್ಲ. ನನ್ನ ಮಾತೇನಿದ್ದರೂ ಅಗತ್ಯಗಳು ಪೂರೈಸಿ ಒಂದಿಷ್ಟು ಉಳಿಯುವ, ಆದರೂ ಸದಾ ಸಾಲದು ಎನಿಸುವ ನಮ್ಮಂಥ ಮನೆಗಳಿಗೆ.

ಮನೆಗೆಂದು ಕೂಡಿಟ್ಟಿದ್ದ ಹಣವನ್ನು ಹೇಗೆ ಇಟ್ಟೆವೆಂಬುದು ಸಣ್ಣ ವಿಷಯ. ಒಂದು ವರ್ಷದ ಖರ್ಚಿನಷ್ಟನ್ನು ಎರಡು ಬ್ಯಾಂಕುಗಳಲ್ಲಿ ಠೇವಣಿ ಇಟ್ಟೆವು. ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ 5 ಸಾವಿರ ಹೋಗುತ್ತದೆ, 2024ರ ಜನವರಿಯಿಂದ ಅದಕ್ಕೆ ಶೇ 8.2ರ ಬಡ್ಡಿ. ನಿವೃತ್ತಿಗೆಂದು ಪಿಪಿಎಫ್ ಮತ್ತು ಇಂಡೆಕ್ಸ್ ಫಂಡ್. ಯಾವುದೂ ಹೊಸತಲ್ಲ, ಯಾವ ಸಲಹೆಗಾರರಾದರೂ ಹೇಳಿಯಾರು.

ದೊಡ್ಡ ವಿಷಯ ಅತ್ತೆಯ ಮಂಡಿ. ತೀರ್ಥಹಳ್ಳಿಯ ಹತ್ತಿರದ ಹಳ್ಳಿಯಲ್ಲಿ ಅವರು ಒಬ್ಬರೇ ಇರುವುದು, ಬೆಂಗಳೂರಿಗೆ ಬನ್ನಿ ಎಂದರೆ ಸುತರಾಂ ಒಪ್ಪುವವರಲ್ಲ. ಎರಡೂ ಮಂಡಿ ಸವೆದು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾಗಿತ್ತು. ಶಿವಮೊಗ್ಗದಲ್ಲಿ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮಂಡಿಯ ಕೃತಕ ಕೀಲಿಗೆ ಕೇಂದ್ರ ಸರ್ಕಾರ 2017ರಲ್ಲಿ ಬೆಲೆಯ ಮಿತಿ ಹಾಕಿದ್ದರಿಂದ ಖರ್ಚು ಮೊದಲಿನಷ್ಟು ಹೆದರಿಸುವುದಿಲ್ಲ, ಆದರೂ ಲಕ್ಷಗಳ ಮಾತೇ. ಒಂದು ರೂಪಾಯಿ ಸಾಲ ಮಾಡಲಿಲ್ಲ. ನನ್ನವರು ಸಂಬಳವಿಲ್ಲದ ರಜೆ ಹಾಕಿ ತಾಯಿಯ ಬಳಿ ನಿಂತರು. 59 ಸಾವಿರದ ಕಂತು ತಲೆಯ ಮೇಲಿದ್ದಿದ್ದರೆ ಸಂಬಳವಿಲ್ಲದ ರಜೆಯ ಮಾತೇ ಎತ್ತಲಾಗುತ್ತಿರಲಿಲ್ಲ. ನಡೆಯಲು ಆದ ಮೇಲೆ ಅತ್ತೆ ಕೋಲು ಊರಿಕೊಂಡು ಮೊದಲು ಹೋದದ್ದು ಹಿತ್ತಲಿನ ಕಾಳುಮೆಣಸಿನ ಬಳ್ಳಿಯ ಹತ್ತಿರ. "ಈ ಸಲ ಕೊಯ್ಲು ನಾನೇ ನಿಂತು ಮಾಡಿಸ್ತೀನಿ ಮಾರಾಯ್ತಿ" ಎಂದರು. ನಮ್ಮ ಉಳಿತಾಯದ ಮೇಲೆ ಇದಕ್ಕಿಂತ ಒಳ್ಳೆಯ ಬಡ್ಡಿ ನಾನು ಕಂಡಿಲ್ಲ.

ಬಿಟ್ಟದ್ದಕ್ಕೆ ಬೆಲೆ ಇಲ್ಲದಿಲ್ಲ. ಬಾಡಿಗೆ ಪ್ರತಿ ವರ್ಷ ಶೇ 5 ಏರುತ್ತದೆ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಮಗಳಿಗೆ ಅವಳದೇ ಕೋಣೆ ಇನ್ನೂ ಇಲ್ಲ, ವೀಣೆ ನಡುಮನೆಯಲ್ಲೇ ಇರುತ್ತದೆ. ಗೃಹಪ್ರವೇಶದ ಆಮಂತ್ರಣ ಬಂದಾಗ ಮನಸ್ಸು ಒಂದು ಗಳಿಗೆ ಚುರ್ ಎನ್ನುವುದೂ ಉಂಟು. ತೃಪ್ತಿ ಇದ್ದರೆ ಆಸೆಯೇ ಹುಟ್ಟುವುದಿಲ್ಲ ಎಂದು ನಾನು ನಂಬುವುದಿಲ್ಲ. ಆಸೆ ಹುಟ್ಟಿದಾಗ ಆ ಎರಡು ಹಾಳೆಗಳನ್ನು ತೆಗೆದು ನೋಡುತ್ತೇನೆ. ಅವು ಬೀರುವಿನಲ್ಲಿ ವಿಮೆಯ ಕಾಗದಗಳ ಜೊತೆಯಲ್ಲೇ ಇವೆ.

ಸ್ವಂತ ಮನೆ ಯಾರೂ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗದೊಳಗಿದ್ದು, ಹತ್ತು ವರ್ಷವಾದರೂ ಅದೇ ಊರಿನಲ್ಲಿ ಇರುವುದು ಖಚಿತವಿದ್ದು, ಆಪತ್ತಿಗೆಂದು ಇಟ್ಟ ಹಣವನ್ನು ಮುಟ್ಟದೆ ಮುಂಗಡ ಕೊಡಲು ಆಗುವುದಾದರೆ ಧಾರಾಳವಾಗಿ ಕೊಳ್ಳಿ. ಹಾಳೆಯಲ್ಲಿ ಮನೆಯೇ ಮೊದಲ ಸಾಲಾಗಿ ಬಂದರೆ, ಮಿಕ್ಕದ್ದನ್ನು ಬಿಟ್ಟಾದರೂ ಅದನ್ನೇ ಮಾಡಿ. ಆಗ ಕಾರು, ಪ್ರವಾಸ, ದುಬಾರಿ ಶಾಲೆ ನಿಮ್ಮ ಪಟ್ಟಿಯಿಂದ ಹೊರಗುಳಿಯುತ್ತವೆ, ಅದಕ್ಕೂ ಕೊರಗಬೇಕಿಲ್ಲ.

ಬ್ಯಾಂಕಿನವರು ಹೇಳುವುದು ನೀವು ಎಷ್ಟು ಸಾಲ ತೀರಿಸಬಲ್ಲಿರಿ ಎಂಬುದನ್ನು ಮಾತ್ರ. ಆ ಸಾಲ ತೀರಿಸುತ್ತಾ ನೀವು ಏನನ್ನು ಬಿಡಬೇಕಾಗುತ್ತದೆ ಎಂದು ಕೇಳುವುದು ಅವರ ಕೆಲಸವಲ್ಲ. ಆದ್ದರಿಂದ ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಗಂಡ ಹೆಂಡತಿ ಬೇರೆ ಬೇರೆ ಕೂತು ಮೂರು ಮೂರು ಸಾಲು ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಒಂದು ಹಾಳೆ ಕೊಡಿ.