ಎಲ್ಲಿ ಕೂತು ಬಿಡಿಸಿದ್ದು?

ಶನಿವಾರ ಸಂಜೆಯಾದರೆ ನಮ್ಮ ಚಿತ್ರಗಾರರ ವಾಟ್ಸಾಪ್ ಬಳಗದಲ್ಲಿ ಎಲ್ಲರೂ ಕಾಯುವುದು ಒಂದು ಸಂದೇಶಕ್ಕೆ. ಅದರಲ್ಲಿ ಚಿತ್ರವೇನೂ ಇರುವುದಿಲ್ಲ. ಮಧ್ಯ ರೈಲ್ವೆಯ ಭಾನುವಾರದ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಕಲ್ಯಾಣದವರು ಸ್ಲೋ ಹಿಡಿಯಬೇಕೋ ಫಾಸ್ಟ್ ಹಿಡಿಯಬೇಕೋ. ವಾಶಿ, ನೆರೂಳಿನವರಿಗೆ ಟ್ರಾನ್ಸ್ ಹಾರ್ಬರ್ ಗಾಡಿ ಇದೆಯೋ ಇಲ್ಲವೋ. ಕೂರುವ ಜಾಗದಲ್ಲಿ ಹತ್ತು ಗಂಟೆಯ ಮೇಲೆ ನೆರಳು ಯಾವ ಕಡೆ. ಹೆಂಗಸರಿಗೆ ಹತ್ತಿರದ ಶೌಚಾಲಯ ಎಲ್ಲಿ. ಒಳ್ಳೆಯ ಚಹಾ ಎಲ್ಲಿ. ಇಷ್ಟೇ. ಬರೆಯುವವರು ಡೊಂಬಿವಲಿ ಪೂರ್ವದ ಒಬ್ಬ ನಿವೃತ್ತ ಕನ್ನಡಿಗ. ಅವರ ಚಿತ್ರಗಳು ಸಾಧಾರಣ. ಕಟ್ಟಡಗಳು ಸ್ವಲ್ಪ ವಾಲುತ್ತವೆ, ಮರಗಳೆಲ್ಲ ಒಂದೇ ಜಾತಿಯವಾಗಿ ಕಾಣುತ್ತವೆ. ಆದರೆ ಬಳಗದಲ್ಲಿ ಅವರಷ್ಟು ಎಲ್ಲರಿಗೂ ಬೇಕಾದವರು ಇನ್ನೊಬ್ಬರಿಲ್ಲ.

ಚೆನ್ನಾಗಿ ಬಿಡಿಸುವವರೇ ಇಂಥ ಕಡೆ ಜನಪ್ರಿಯರು ಎಂದು ಹೊರಗಿನವರು ಸಹಜವಾಗಿ ತಿಳಿಯುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಈ ಹವ್ಯಾಸಿ ಚಿತ್ರಗಾರರ ನಡುವೆ ವರ್ಷಗಳಿಂದ ಇದ್ದು ನಾನು ಕಂಡದ್ದು ಬೇರೆ. ಇಲ್ಲಿ ಹೆಸರು ಮಾಡಿದವರು, ಇನ್ನೊಬ್ಬರ ಮುಂದಿನ ಚಿತ್ರಕ್ಕೆ ದಾರಿ ಮಾಡಿಕೊಟ್ಟವರು.

ಸ್ಥಳದಲ್ಲೇ ಕೂತು ಬಿಡಿಸಿ, ಅದನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವ ಈ ಪದ್ಧತಿ ನಮ್ಮ ಬಳಗ ಕಂಡುಹಿಡಿದದ್ದಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಸ್ಪೇನ್ ಮೂಲದ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೋ 2007ರಲ್ಲಿ ಅಂತರ್ಜಾಲದಲ್ಲಿ ಶುರುಮಾಡಿದ ಒಂದು ಗುಂಪು ಅರ್ಬನ್ ಸ್ಕೆಚರ್ಸ್ ಎಂಬ ಹೆಸರಿನಲ್ಲಿ ಇಂದು ಲೋಕದ ಎಷ್ಟೋ ನಗರಗಳಿಗೆ ಹಬ್ಬಿದೆ. ಅವರದು ಎಂಟು ಅಂಶಗಳ ಒಂದು ಪ್ರಣಾಳಿಕೆ. ಕಣ್ಣೆದುರು ಕಂಡದ್ದನ್ನು ಸ್ಥಳದಲ್ಲೇ ಬಿಡಿಸಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು, ಜತೆಯಾಗಿ ಕೂತು ಒಬ್ಬರಿಗೊಬ್ಬರು ಆಸರೆಯಾಗಬೇಕು, ಬಿಡಿಸಿದ್ದನ್ನು ಹಂಚಿಕೊಳ್ಳಬೇಕು ಎನ್ನುವುದು ಅದರ ತಿರುಳು. ಚೆನ್ನಾಗಿ ಬಿಡಿಸಬೇಕು ಎಂಬ ಷರತ್ತು ಆ ಎಂಟರಲ್ಲಿ ಎಲ್ಲಿಯೂ ಇಲ್ಲ.

ಬಿಡಿಸಲು ಈ ಊರುಗಳಲ್ಲಿ ಏನಿಲ್ಲ? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಥಾಣೆಯಲ್ಲಿ. ಮಾಸುಂದಾ ಕೆರೆಯ ದಂಡೆ, ಕೌಪಿನೇಶ್ವರ ದೇವಸ್ಥಾನ, ಕಲ್ಯಾಣದ ಖಾಡಿಯ ಮೇಲಿನ ದುರ್ಗಾಡಿ ಕೋಟೆ, ಗುಡಿಪಾಡ್ವದ ಶೋಭಾಯಾತ್ರೆಯ ದಿನ ಡೊಂಬಿವಲಿಯ ಫಡ್ಕೆ ರಸ್ತೆ. ಕಲ್ಯಾಣದಿಂದ ಸ್ವಲ್ಪ ಮುಂದೆ ಅಂಬರನಾಥದಲ್ಲಿ 1060ರ ಶಿವಾಲಯ. ಅದನ್ನು ಕಟ್ಟಿಸಿದ ಉತ್ತರ ಕೊಂಕಣದ ಶಿಲಾಹಾರರು ನಮ್ಮ ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಮನೆತನ. ಅವರ ರಾಜಧಾನಿ ಇದೇ ಥಾಣೆ, ಅಂದಿನ ಸ್ಥಾನಕ. ಶಿವಾಲಯದ ಕಲ್ಲಿನ ಕೆತ್ತನೆಯ ಮುಂದೆ ಕೂತಾಗ ಬಳಗದ ಕನ್ನಡಿಗರು ಉಳಿದವರಿಗೆ ಈ ಕತೆ ಹೇಳದೆ ಬಿಡುವುದಿಲ್ಲ.

ಚಿತ್ರ ಹಾಕಿದ ಕೂಡಲೇ ಬರುವ ಉತ್ತರಗಳಲ್ಲಿ ಹೆಚ್ಚಿನವು ಒಂದು ಹೆಬ್ಬೆರಳು, ಒಂದು ಹೃದಯ, ಇಲ್ಲವೇ ‘ಛಾನ್!’ ಎಂಬ ಒಂದು ಮಾತು. ಸಿಕ್ಕಿದಾಗ ಖುಷಿ ಕೊಡುತ್ತವೆ, ಮರುದಿನ ಯಾರು ಹಾಕಿದ್ದು ಎಂಬುದೂ ನೆನಪಿರುವುದಿಲ್ಲ. ಥಾಣೆಯ ಒಬ್ಬ ಶಾಲಾ ಶಿಕ್ಷಕಿಯ ಉತ್ತರ ಮಾತ್ರ ಹಾಗಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಮಾಸುಂದಾ ಕೆರೆಯ ದೋಣಿಗಳನ್ನು ಜಲವರ್ಣದಲ್ಲಿ ಬಿಡಿಸಿ, ಹೆದರುತ್ತಲೇ ಹಾಕಿದ್ದ. ಆಕೆ ಬರೆದದ್ದು ಹೀಗೆ: ಬಿಳಿ ದೋಣಿಯ ಪ್ರತಿಬಿಂಬವನ್ನು ದೋಣಿಗಿಂತ ಸ್ವಲ್ಪ ಕಪ್ಪಾಗಿಸಿದ್ದೀ, ಅದು ಸರಿ; ಆದರೆ ಕಪ್ಪು ಮರದ ಪ್ರತಿಬಿಂಬ ಮರಕ್ಕಿಂತ ಸ್ವಲ್ಪ ತಿಳಿಯಾಗಬೇಕು, ನೀನು ಎರಡನ್ನೂ ಕಪ್ಪಾಗಿಸಿದ್ದೀ; ನಾಳೆ ಬೆಳಿಗ್ಗೆ ಹೋಗಿ ಎರಡನ್ನೂ ಹೋಲಿಸಿ ನೋಡು. ಹುಡುಗ ಮರುದಿನ ಹೋಗಿ ನೋಡಿದ. ಎರಡನೆಯ ಚಿತ್ರ ಬಂತು, ಆಮೇಲೆ ಮೂರನೆಯದು. ಅವನು ಈಗ ಬಳಗದ ನಿತ್ಯದ ಸದಸ್ಯ.

ಆ ಮೂರು ಸಾಲು ಬರೆಯಬೇಕಾದರೆ ಚಿತ್ರವನ್ನು ಮೊಬೈಲಿನ ಪರದೆಯ ಮೇಲೆ ಹಿಗ್ಗಿಸಿ ನೋಡಬೇಕು, ನೀರಿನ ಭಾಗದಲ್ಲಿ ಕಣ್ಣು ನಿಲ್ಲಿಸಬೇಕು, ಸರಿಯಾದದ್ದನ್ನು ಮೊದಲು ಹೇಳಬೇಕು, ತಿದ್ದುವುದನ್ನು ಮಾಡಬಲ್ಲಷ್ಟು ಚಿಕ್ಕದಾಗಿ ಹೇಳಬೇಕು. ಇಷ್ಟೆಲ್ಲ ಮಾಡುವವರು ಎಷ್ಟು ಜನ? ಆ ಶಿಕ್ಷಕಿಯ ಚಿತ್ರಕ್ಕೆ ಬಳಗದಲ್ಲಿ ಉತ್ತರಗಳ ಸುರಿಮಳೆಯಾಗುವುದು ಋಣ ತೀರಿಸುವುದಕ್ಕಲ್ಲ, ಆಕೆಯ ಕಣ್ಣಿನ ಮೇಲೆ ಎಲ್ಲರಿಗೂ ನಂಬಿಕೆ ಬಂದಿದೆ ಎಂಬುದಕ್ಕೆ.

ಮುಂಬಯಿಗೆ ಇದು ಹೊಸದೂ ಅಲ್ಲ. ಆಸ್ಟ್ರಿಯಾದ ವಾಲ್ಟರ್ ಲ್ಯಾಂಗ್‌ಹ್ಯಾಮರ್ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದು ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕರಾದರು. ಸ್ವತಃ ಚಿತ್ರಕಾರರು. ಆದರೆ ಇಂದು ಅವರ ಹೆಸರು ಬರುವುದು ಹೆಚ್ಚಾಗಿ ಭಾನುವಾರಗಳಂದು ತಮ್ಮ ಮನೆಯಲ್ಲಿ ಎಳೆಯ ಕಲಾವಿದರನ್ನು ಸೇರಿಸಿಕೊಂಡು, ಅವರ ಕೆಲಸ ನೋಡಿ ಮಾತಾಡಿದ್ದಕ್ಕೆ. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಎಸ್.ಎಚ್. ರಝಾ ಕೂಡ ಒಬ್ಬರು. 1947ರಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಬೆನ್ನಿಗಿದ್ದ ಕೆಲವು ನೋಡುಗರಲ್ಲಿ ಲ್ಯಾಂಗ್‌ಹ್ಯಾಮರ್ ಪ್ರಮುಖರು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದ ಕೆ.ಕೆ. ಹೆಬ್ಬಾರರು ದೊಡ್ಡವರಾದದ್ದೂ ಇದೇ ಮುಂಬಯಿಯಲ್ಲಿ. ನಮ್ಮವರು ಹೆಬ್ಬಾರರ ಗೆರೆಯನ್ನು ಮೆಚ್ಚುತ್ತಾರೆ, ಮೆಚ್ಚಲೇಬೇಕು. ಲ್ಯಾಂಗ್‌ಹ್ಯಾಮರರ ಭಾನುವಾರಗಳನ್ನೂ ಅಷ್ಟೇ ಗೌರವದಿಂದ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕಲ್ಯಾಣದಿಂದ ದಿನವೂ ಮುಂಬಯಿಗೆ ಕೆಲಸಕ್ಕೆ ಹೋಗುವ ಒಬ್ಬಾಕೆ ಇದ್ದಾರೆ. ಸೀಟು ಸಿಕ್ಕಿದ ದಿನ ಲೇಡೀಸ್ ಡಬ್ಬಿಯಲ್ಲಿ ಅಂಗೈಯಗಲದ ಪುಸ್ತಕ ತೆಗೆದು ಬಾಲ್‌ಪೆನ್ನಿನಿಂದ ಬಿಡಿಸುತ್ತಾರೆ. ಬಾಗಿಲ ಬಳಿ ಜೋತುಬಿದ್ದ ಕೈಗಳು, ತೊಡೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುವ ಹೆಂಗಸು, ನಿದ್ದೆಗೆ ವಾಲಿದ ಹೆರಳು. ಮುಖ ಬಿಡಿಸುವುದಿಲ್ಲ, ಕೇಳದೆ ಯಾರ ಮುಖವನ್ನೂ ಬಳಗಕ್ಕೆ ಹಾಕಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಗಾಡಿ ಕುಲುಕಿದಲ್ಲಿ ಗೆರೆಯೂ ಕುಲುಕಿರುತ್ತದೆ, ಅವರು ತಿದ್ದುವುದಿಲ್ಲ. ದಿವಾ ದಾಟುವಾಗ ನಡುಗಿದ ಗೆರೆ ಎಂದು ಪಕ್ಕದಲ್ಲಿ ಬರೆದಿಡುತ್ತಾರೆ, ಅಷ್ಟೆ.

ಈ ಚಿತ್ರಗಳಿಗೆ ಬರುವ ಸ್ಪಂದನ ತಾಜಮಹಲಿನ ಚಿತ್ರಕ್ಕೆ ಬಂದದ್ದಿಲ್ಲ. ಕಾರಣ ಸರಳ. ನೋಡುವವರು ಅದೇ ಡಬ್ಬಿಯಲ್ಲಿ ಅದೇ ಕಂಬಿ ಹಿಡಿದು ನಿಂತವರು. ತಮ್ಮ ದಿನವನ್ನು ಯಾರೋ ಗಮನಿಸಿದ್ದಾರೆ, ಅದು ಚಿತ್ರಕ್ಕೆ ತಕ್ಕದ್ದು ಎಂದು ಒಪ್ಪಿದ್ದಾರೆ ಎಂಬ ಸಮಾಧಾನ ಅವರದು.

ಬೇಲಾಪುರದ ಆರ್ಟಿಸ್ಟ್ಸ್ ವಿಲೇಜಿಗೆ ಹೋದಾಗಲೂ ಇಂಥದ್ದೇ ಒಂದು ಸಂಗತಿ ಕಂಡಿತು. 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಯೋಜಿಸಿದ ವಸತಿ ಅದು. ಏಳು ಮನೆಗಳಿಗೆ ಒಂದು ಪುಟ್ಟ ಅಂಗಳ, ಮನೆಗಳ ನಡುವೆ ಕೂಡು ಗೋಡೆ ಇಲ್ಲ, ಮನೆಯವರು ಅನುಕೂಲ ಬಂದ ಹಾಗೆ ಕಟ್ಟಿಕೊಂಡು ಬೆಳೆಸಬಹುದು. ಈಗ ಹಲವು ಮನೆಗಳು ಗುರುತು ಸಿಗದಷ್ಟು ಬೆಳೆದಿವೆ. ಬಳಗದ ಹೆಚ್ಚಿನವರು ಹಳೆಯ ರೂಪ ಉಳಿದ ಮನೆಗಳನ್ನು ಹುಡುಕಿಕೊಂಡು ಹೋಗಿ ಬಿಡಿಸಿದರು. ವಾಶಿಯ ಒಬ್ಬ ಯುವಕ ಮಾತ್ರ ಹೊಸ ಮಹಡಿ ಎದ್ದ ಮನೆಯ ಮುಂದೆ ಕೂತ, ಮನೆಯ ಯಜಮಾನರ ಜತೆ ಮಾತಿಗಿಳಿದ, ಯಾವ ಕೋಣೆ ಯಾರ ಮದುವೆಗೆ ಎದ್ದದ್ದು ಎಂದು ಕೇಳಿ ಚಿತ್ರದ ಕೆಳಗೆ ಎರಡು ಸಾಲು ಬರೆದ. ಆ ದಿನ ಬಳಗದಲ್ಲಿ ಮಾತು ನಡೆದದ್ದು ಆ ಎರಡು ಸಾಲಿನ ಸುತ್ತ.

ಹಾಗಾದರೆ ಕುಶಲತೆಗೆ ಬೆಲೆಯಿಲ್ಲವೇ? ಇದೆ, ಆದರೆ ಅದು ತೆರೆದುಕೊಂಡಾಗ. ಜಾಹೀರಾತು ಕ್ಷೇತ್ರದಲ್ಲಿ ಪಳಗಿದ ಒಬ್ಬ ಇಲಸ್ಟ್ರೇಟರ್ ಸೇರಿದ ಹೊಸದರಲ್ಲಿ ಎಲ್ಲರೂ ಬೆರಗಾದರು. ಸಿದ್ಧವಾದ, ಕುಂದಿಲ್ಲದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಕೆಲವೇ ವಾರಗಳಲ್ಲಿ ಉತ್ತರಗಳು ತೆಳುವಾದವು. ಅಸೂಯೆಯಿಂದಲ್ಲ. ಆ ಚಿತ್ರಗಳಿಗೆ ಏನು ಹೇಳಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಕೊನೆಗೆ ಯಾರೋ ಕೇಳಿದರು, ಶುರು ಮಾಡುವುದು ಎಲ್ಲಿಂದ? ಅವರು ಅಂದು ರಾತ್ರಿ ದುರ್ಗಾಡಿ ಕೋಟೆಯ ಚಿತ್ರದ ಆರಂಭದ ಹಂತಗಳನ್ನು ಹಾಕಿದರು. ಪೆನ್ಸಿಲಿನ ನಾಲ್ಕು ದೊಡ್ಡ ಆಕಾರಗಳು, ಅಳಿಸಿದ ದಿಗಂತ ರೇಖೆ, ಎರಡು ಸಲ ಜಾಗ ಬದಲಿಸಿದ ಬುರುಜು. ಇಂಥ ನುರಿತ ಕೈಗೂ ಬುರುಜು ಮೊದಲ ಸಲಕ್ಕೆ ಕೂರುವುದಿಲ್ಲ ಎಂದು ಕಂಡಾಗ ಬಳಗಕ್ಕೆ ಅವರು ನಮ್ಮವರಾದರು. ಈಗ ಅವರ ಕರಡು ಹಾಳೆಗಳನ್ನೇ ಜನ ಉಳಿಸಿಟ್ಟುಕೊಳ್ಳುತ್ತಾರೆ.

ಹೆಸರು ಹೇಳುವ ಪ್ರಾಮಾಣಿಕತೆಯನ್ನೂ ಇಲ್ಲಿ ಜನ ಬೇಗ ಗುರುತಿಸುತ್ತಾರೆ. ಥಾಣೆ ಜಿಲ್ಲೆಯೆಂದರೆ ವಾರ್ಲಿ ಚಿತ್ರಗಳ ಸೀಮೆ. 2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾಗುವವರೆಗೆ ಡಹಾಣುವೂ ಇದರೊಳಗಿತ್ತು. ಮದುವೆ ಮನೆಯ ಗೋಡೆಯಲ್ಲಿ ಅಕ್ಕಿ ಹಿಟ್ಟಿನಿಂದ ಹೆಂಗಸರು ಬಿಡಿಸುತ್ತಿದ್ದ ಆ ಚಿತ್ರವನ್ನು ಕಾಗದ, ಬಟ್ಟೆಗೆ ತಂದು ಲೋಕಕ್ಕೆ ಪರಿಚಯಿಸಿದವರು ಜಿವ್ಯಾ ಸೋಮಾ ಮ್ಹಾಶೆ. 2011ರಲ್ಲಿ ಪದ್ಮಶ್ರೀ ಪಡೆದ ಅವರು ತೀರಿಕೊಂಡದ್ದು 2018ರಲ್ಲಿ. ತ್ರಿಕೋನದ ಮೈ, ಕಡ್ಡಿ ಕೈಕಾಲು ಬಿಡಿಸಿ ‘ನನ್ನ ಹೊಸ ಶೈಲಿ’ ಎಂದು ಬಳಗಕ್ಕೆ ಹಾಕುವುದು ಬಲು ಸುಲಭ. ಆದರೆ ಇಲ್ಲಿ ಮನ್ನಣೆ ಸಿಕ್ಕಿದ್ದು, ಇದು ವಾರ್ಲಿಯವರದು, ಮ್ಹಾಶೆಯವರ ಚಿತ್ರ ನೋಡಿ ಅಭ್ಯಾಸ ಮಾಡುತ್ತಿದ್ದೇನೆ ಎಂದು ಬರೆದು ಹಾಕಿದ ಗೃಹಿಣಿಗೆ.

ಯಂತ್ರ ಬಿಡಿಸಿದ ಚಿತ್ರಗಳ ಪ್ರಶ್ನೆ ಬಂದದ್ದೂ ಇದೇ ಬಾಗಿಲಿನಿಂದ. 2025ರ ಮಾರ್ಚಿನಲ್ಲಿ ಚಾಟ್‌ಜಿಪಿಟಿಯ ಜಿಬ್ಲಿ ಶೈಲಿಯ ಚಿತ್ರಗಳು ಎಲ್ಲರ ಮೊಬೈಲಿಗೂ ನುಗ್ಗಿದಾಗ ನಮ್ಮ ಬಳಗದಲ್ಲೂ ಒಂದಷ್ಟು ಬಿದ್ದವು. ಯಾರೂ ಜಗಳ ತೆಗೆಯಲಿಲ್ಲ, ಹೊಸ ನಿಯಮವೂ ಬರಲಿಲ್ಲ. ಹಿರಿಯರೊಬ್ಬರು ಪ್ರತಿಯೊಂದರ ಕೆಳಗೂ, ಉಳಿದ ಚಿತ್ರಗಳಿಗೆ ಕೇಳುವ ಹಾಗೆಯೇ, ಎಲ್ಲಿ ಕೂತು ಬಿಡಿಸಿದ್ದು ಎಂದು ಕೇಳಿದರು. ಉತ್ತರ ಬರಲಿಲ್ಲ. ಚಿತ್ರಗಳೂ ತಾವಾಗಿ ನಿಂತವು.

ಮಳೆಗಾಲದಲ್ಲಿ ಬಳಗದ ಪರೀಕ್ಷೆ. ಜುಲೈ ತಿಂಗಳಲ್ಲಿ ಇಲ್ಲಿ ಕಾಗದ ಒಣಗುವುದಿಲ್ಲ, ಹಳಿಗಳ ಮೇಲೆ ನೀರು ನಿಂತರೆ ಗಾಡಿಯೂ ಇಲ್ಲ. ಆಗ ನೆರೂಳಿನ ಕಾಲೇಜು ಹುಡುಗಿಯೊಬ್ಬಳು ಮನೆಯ ಕಿಟಕಿಯಿಂದ ಕಂಡದ್ದನ್ನು ಬಿಡಿಸುವ ಸರಣಿ ಶುರು ಮಾಡಿದಳು. ಎಲ್ಲರ ಕಿಟಕಿಗಳೂ ಒಂದೊಂದಾಗಿ ಬಂದವು. ಚಳಿ ಬಿದ್ದ ಮೇಲೆ ಫ್ಲೆಮಿಂಗೊಗಳ ಕಾಲದಲ್ಲಿ ಅವಳೇ ಸಮುದ್ರದ ಉಬ್ಬರದ ವೇಳೆ ಬರೆದು ಹಾಕುತ್ತಾಳೆ. ಖಾಡಿಯ ಕೆಸರು ಬಯಲು ಉಬ್ಬರದಲ್ಲಿ ಮುಳುಗಿದಾಗ ಹಕ್ಕಿಗಳು ನೆರೂಳ್, ಸೀವುಡ್ಸ್‌ನ ಜೌಗು ಕೆರೆಗಳಿಗೆ ಬಂದು ಕೂರುತ್ತವೆ, ಬಿಡಿಸಲು ಹತ್ತಿರ ಸಿಗುತ್ತವೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸರ್ ತಾಣವಾಗಿ ಘೋಷಣೆಯಾದ ಥಾಣೆ ಖಾಡಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಸಲ ಕಣ್ಣಿಟ್ಟು ನೋಡಿದ್ದು ಅವಳ ವೇಳಾಪಟ್ಟಿಯಿಂದ.

ಭೇಟಿಯ ಕೊನೆಗೆ ಎಲ್ಲರೂ ಪುಸ್ತಕಗಳನ್ನು ನೆಲದ ಮೇಲೆ ಬಿಡಿಸಿ ಇಡುವುದು ಲೋಕದ ಎಲ್ಲೆಡೆ ಇಂಥ ಬಳಗಗಳ ರೂಢಿ. ಯಾವುದು ಯಾರದು ಎಂದು ಆಗ ತಿಳಿಯುವುದಿಲ್ಲ. ಎಲ್ಲರೂ ಬಗ್ಗಿ ನೋಡುತ್ತಾರೆ. ಹೊಸಬರು ಮೊಬೈಲಿನಲ್ಲಿ ಮಾತಾಡದಿದ್ದರೂ ಇಲ್ಲಿ ಬಾಯಿ ಬಿಡುತ್ತಾರೆ. ಈ ಅರ್ಧ ಗಂಟೆಗೆ ತಪ್ಪದೆ ನಿಲ್ಲುವವರನ್ನು ಬಳಗ ಮರೆಯುವುದಿಲ್ಲ.

ಡೊಂಬಿವಲಿ, ಥಾಣೆ, ಕಲ್ಯಾಣ, ವಾಶಿಗಳ ನಮ್ಮ ಕನ್ನಡ ಸಂಘಗಳ ಹಿರಿಯರಲ್ಲಿ ಒಂದು ವಿನಂತಿ. ಯಕ್ಷಗಾನಕ್ಕೆ, ಭಜನೆಗೆ, ನಾಟಕಕ್ಕೆ ನೀವು ಜಾಗ ಕೊಟ್ಟಿದ್ದೀರಿ. ಮಕ್ಕಳ ಚಿತ್ರ ಸ್ಪರ್ಧೆಗಳನ್ನೂ ಏರ್ಪಡಿಸುತ್ತೀರಿ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ದೊಡ್ಡವರಿಗೂ ನಿಮ್ಮ ಸಭಾಗೃಹದ ಬಾಗಿಲು ತೆರೆಯಿರಿ. ಬಹುಮಾನ ಬೇಡ, ತೀರ್ಪುಗಾರರು ಬೇಡ. ಬಿಡಿಸಿದ್ದನ್ನು ಹರಡಿಡಲು ಒಂದು ಜಮಖಾನೆ ಹಾಸಿಕೊಟ್ಟರೆ ಸಾಕು, ಜನ ಬರುತ್ತಾರೆ.