ರೋಗಿಯ ಗುಟ್ಟು, ವಿದ್ಯಾರ್ಥಿಯ ಲೇಖನಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯ ಕಾಲೇಜನ್ನು ಸೇರಬಯಸುವವರು ಅಂಕಪಟ್ಟಿಯೊಡನೆ ಒಂದು ಪ್ರಬಂಧವನ್ನೂ ಬರೆದು ಕಳುಹಿಸಬೇಕಾಗುತ್ತದೆ. ತಾನು ವೈದ್ಯನಾಗಲು ಬಯಸುವುದೇಕೆ ಎಂಬುದೇ ಅದರ ವಿಷಯ. ಅಲ್ಲಿ ನೆಲೆಸಿರುವ ಕನ್ನಡ ಮನೆತನಗಳ ತರುಣ ತರುಣಿಯರಿಗೂ ಇದು ತಪ್ಪಿದ್ದಲ್ಲ. ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿದ್ದಾಗ ಕಂಡ ರೋಗಿಯೊಬ್ಬನ ಕಥೆಯನ್ನು ಇಂಥ ಪ್ರಬಂಧದಲ್ಲಿ ಹೇಳುವವರುಂಟು. ಆದರೆ ಆ ಕಥೆ ಬರೆಯುವವನ ಸ್ವತ್ತು ಮಾತ್ರವಲ್ಲ. ರೋಗಿಯ ಸ್ವತ್ತೂ ಹೌದು. ಅದು ಬಯಲಾದರೆ ಅವನ ಮಾನಕ್ಕೂ ಉದ್ಯೋಗಕ್ಕೂ ಕುಂದು ಬಂದೀತು. ಗುಟ್ಟು ನಿಲ್ಲದೆಂಬ ಅಂಜಿಕೆ ಹುಟ್ಟಿದ ರೋಗಿ ವೈದ್ಯನಿಗೆ ನಿಜವನ್ನು ಹೇಳುವುದಿಲ್ಲ. ನಿಜ ತಿಳಿಯದೆ ಚಿಕಿತ್ಸೆ ಸಾಗದು.

ಹೆಸರನ್ನು ಬಿಟ್ಟರಾಯಿತಲ್ಲವೆ ಎಂದು ವಾಚಕರು ಕೇಳಬಹುದು. ಅದು ಸಾಲದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸರ್ಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು, ಹೆಸರುಗಳನ್ನು ತೆಗೆದುಹಾಕಿ, ಸಂಶೋಧಕರಿಗೆ ಒದಗಿಸಲಾಯಿತು. ಆದರೆ ಜನ್ಮದಿನಾಂಕ, ಲಿಂಗ, ಅಂಚೆ ವಲಯದ ಸಂಖ್ಯೆ ಇವು ಅದರಲ್ಲಿ ಉಳಿದಿದ್ದುವು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು, ಎರಡನ್ನೂ ಹೋಲಿಸಿ ನೋಡಿದರು. ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ 6 ಮಂದಿ. ಅವರಲ್ಲಿ ಗಂಡಸರು 3. ಗವರ್ನರರ ಅಂಚೆ ವಲಯದಲ್ಲಿದ್ದವರು ಅವರೊಬ್ಬರೇ. ಹೆಸರಿಲ್ಲದ ದಾಖಲೆಗೆ ಹೆಸರು ದೊರಕಿತು!

ಇದು ಮಂತ್ರವಲ್ಲ, ಬರಿಯ ಗುಣಾಕಾರ. ವರ್ಷಕ್ಕೆ 365 ದಿನ, ಆಯುಸ್ಸು 80 ವರ್ಷ, ಹೆಣ್ಣು ಗಂಡೆಂಬ ಭೇದ 2 ಎಂದಿಟ್ಟುಕೊಂಡರೆ, 365 × 80 × 2 = 58,400 ಗೂಡುಗಳಾಗುತ್ತವೆ. 20,000 ಜನರಿರುವ ಊರಿನವರನ್ನು ಇವುಗಳಲ್ಲಿ ಹಂಚಿದರೆ ಬಹುಮಂದಿ ತಮ್ಮ ತಮ್ಮ ಗೂಡಿನಲ್ಲಿ ಒಂಟಿಯಾಗಿಯೇ ಇರುತ್ತಾರೆ. ಬಿಡಿಬಿಡಿಯಾಗಿ ನಿರಪಾಯವಾದ ವಿವರಗಳು ಒಟ್ಟುಗೂಡಿದಾಗ ವ್ಯಕ್ತಿಯನ್ನು ಬೆರಳಿಟ್ಟು ತೋರಿಸುತ್ತವೆ.

1996ರ ಹಿಪಾ ಕಾಯಿದೆಯನ್ನು ಅನುಸರಿಸಿ ರಚಿತವಾದ, 2003ರಿಂದ ಪಾಲನೆಗೆ ಬಂದ ಗೋಪ್ಯತಾ ನಿಯಮವು ಈ ತತ್ತ್ವವನ್ನು ಗಮನದಲ್ಲಿಟ್ಟುಕೊಂಡಿದೆ. ಅದು ತೆಗೆದುಹಾಕಬೇಕಾದ 18 ಬಗೆಯ ಗುರುತುಗಳನ್ನು ಹೆಸರಿಸುತ್ತದೆ: ಹೆಸರು, ಊರು, ವರ್ಷವೊಂದನ್ನುಳಿದು ದಿನಾಂಕಗಳು, ಮುಖದ ಛಾಯಾಚಿತ್ರ, 89ನ್ನು ಮೀರಿದ ವಯಸ್ಸು ಮೊದಲಾದುವು. ಉಳಿದ ವಿವರಗಳಿಂದಲೇ ರೋಗಿಯನ್ನು ಗುರುತಿಸಬಹುದೆಂದು ತಿಳಿದಿದ್ದರೆ, ಇಷ್ಟನ್ನು ಅಳಿಸಿದರೂ ಸಾಲದು. ಆಸ್ಪತ್ರೆಯ ಸ್ವಯಂಸೇವಕರೂ ಈ ನಿಯಮದ ವ್ಯಾಪ್ತಿಗೆ ಸೇರುತ್ತಾರೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. "ಜುಲೈ 4ರ ರಾತ್ರಿ ಪಟಾಕಿ ಸಿಡಿದು ಕಣ್ಣು ಕಳೆದುಕೊಂಡ, ನಮ್ಮೂರಿನ ಶಾಲಾ ಬಸ್ಸಿನ ಚಾಲಕಿ" ಎಂದು ಬರೆದರೆ ಊರಿನವರೆಲ್ಲರಿಗೂ ಆಕೆ ಯಾರೆಂಬುದು ತಿಳಿಯುತ್ತದೆ. "ದೃಷ್ಟಿ ಕಳೆದುಕೊಂಡ ರೋಗಿಯೊಬ್ಬರು ಮುಂದೇನೆಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ" ಎಂದರೆ ಗುಟ್ಟು ಉಳಿಯಿತು, ಹೇಳಬೇಕಾದುದೂ ಉಳಿಯಿತು. ಇಲ್ಲಿ ಸುಳ್ಳು ವಿವರವನ್ನು ಸೇರಿಸಿಲ್ಲವೆಂಬುದನ್ನು ಗಮನಿಸಿರಿ. ಊರು, ವೃತ್ತಿಗಳನ್ನು ಬದಲಿಸಿ ಬರೆಯುವುದಕ್ಕಿಂತ ಬಿಟ್ಟುಬಿಡುವುದು ಲೇಸು. ಗೋಪ್ಯತೆಯ ಸಲುವಾಗಿ ಪ್ರಾಮಾಣಿಕತೆಯನ್ನು ಬಲಿಕೊಡಬೇಕಾಗಿಲ್ಲ.

ಬರೆದು ಮುಗಿಸಿದ ಮೇಲೆ ವಿದ್ಯಾರ್ಥಿಯು ತನ್ನನ್ನೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ರೋಗಿಯ ನೆರೆಯವನು ಇದನ್ನು ಓದಿದರೆ ಗುರುತು ಹಿಡಿದಾನೆ? ರೋಗಿಯೇ ಓದಿದರೆ ನೊಂದುಕೊಂಡಾನೆ? ಚಿಕಿತ್ಸೆಯ ಸಂದರ್ಭದಲ್ಲಿ ಕಂಡುಕೇಳಿದುದನ್ನು ಹೊರಗೆಡಹಬಾರದೆಂಬ ವಿಧಿ ಪ್ರಾಚೀನ ಗ್ರೀಸಿನ ಹಿಪೋಕ್ರಟೀಸನ ಪ್ರತಿಜ್ಞೆಯಲ್ಲಿಯೇ ಇದೆ. ಪ್ರಬಂಧವನ್ನು ಓದುವವರು ಅಳೆಯುವುದು ರೋಗಿಯನ್ನಲ್ಲ, ಬರೆದವನನ್ನು. ವೈದ್ಯನಾಗುವ ಮೊದಲೇ ಗುಟ್ಟನ್ನು ಕಾಯಬಲ್ಲವನು ಆ ವೃತ್ತಿಯ ಮೊದಲ ಪಾಠವನ್ನು ಕಲಿತನೆಂದೇ ಹೇಳಬೇಕು.