ಗೆದ್ದ ರಾತ್ರಿಯ ನೆನಪು

ನಾವು ದಿನಾ ಸಂಜೆ ಕಲಿಕಾ ಕೇಂದ್ರದಲ್ಲಿ ಸೇರುತ್ತೇವೆ. ಮೊದಲು ಓದು, ಬರಹ. ಆಮೇಲೆ ನಾಲ್ಕು ಮಾತು. ಒಂದು ದಿನ ಕ್ರಿಕೆಟ್ ಮಾತು ಬಂತು.

ಅಜ್ಜ ಹೇಳಿದರು: "1983ರಲ್ಲಿ ನಮ್ಮ ದೇಶ ವಿಶ್ವಕಪ್ ಗೆದ್ದಿತು. ಆಗ ನಮ್ಮೂರಲ್ಲಿ ಟಿ.ವಿ. ಎಲ್ಲಿತ್ತು? ಚಾ ಅಂಗಡಿ ರೇಡಿಯೋ ಸುತ್ತ ಕೂತು ಕೇಳಿದ್ವಿ. ಇಂಗ್ಲಿಷ್ ಬಲ್ಲ ಮೇಷ್ಟ್ರು ಕನ್ನಡದಲ್ಲಿ ಹೇಳೋರು. ಫೈನಲ್‌ನಲ್ಲಿ ಕಪಿಲ್ ದೇವ್ 175 ಹೊಡೆದ. ನನಗೆ ಚೆನ್ನಾಗಿ ನೆನಪಿದೆ."

"ಇಲ್ಲ ಅಜ್ಜ, ಅದು ಬೇರೆ ಆಟ" ಎಂದರು ಇನ್ನೊಬ್ಬರು. ವಾದ ಬೆಳೆಯಿತು. ಮರುದಿನ ಕಲಿಸುವ ಅಕ್ಕ ಒಂದು ಕ್ರಿಕೆಟ್ ಪುಸ್ತಕ ತಂದರು. ನಾವೇ ಅಕ್ಷರ ಕೂಡಿಸಿ ಓದಿದೆವು.

ಜೂನ್ 18, 1983. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಊರು. ಎದುರಾಳಿ ಜಿಂಬಾಬ್ವೆ. ಭಾರತದ ಐವರು 17 ರನ್ ಆಗುವಷ್ಟರಲ್ಲಿ ಔಟಾದರು. ಕಪಿಲ್ ದೇವ್ ಎದೆಗುಂದಲಿಲ್ಲ. ಔಟಾಗದೆ 175 ರನ್ ಹೊಡೆದರು. ಕೊನೆಯಲ್ಲಿ ನಮ್ಮ ಕರ್ನಾಟಕದ ಆಟಗಾರ ಸೈಯದ್ ಕಿರ್ಮಾನಿ ಜೊತೆಗೆ ನಿಂತರು. ಇಬ್ಬರೂ ಸೇರಿ 126 ರನ್ ಕೂಡಿಸಿದರು. ಭಾರತ 31 ರನ್ನಿನಿಂದ ಗೆದ್ದಿತು.

ಫೈನಲ್ ನಡೆದದ್ದು ಜೂನ್ 25ರಂದು, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. ಭಾರತ 183 ರನ್ ಗಳಿಸಿತು. ವೆಸ್ಟ್ ಇಂಡೀಸ್ 140ಕ್ಕೆ ಔಟಾಯಿತು. ಅಂದು ಕಪಿಲ್ ಹೊಡೆದದ್ದು 15 ರನ್ ಮಾತ್ರ. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ.

ಅಜ್ಜ ನಕ್ಕರು. "ನನ್ನ ತಲೇಲಿ ಎರಡು ಆಟ ಸೇರಿ ಒಂದಾಗಿದೆ" ಎಂದರು.

ಆ 175 ರನ್ನಿನ ಆಟವನ್ನು ಟಿ.ವಿ.ಯವರು ಚಿತ್ರ ತೆಗೆಯಲಿಲ್ಲ. ಆದರೂ ಅದರ ಲೆಕ್ಕ ಉಳಿದಿದೆ. ಯಾಕೆ? ಆಟ ನೋಡಿದವರು ಬರೆದಿಟ್ಟರು.

ದೊಡ್ಡಮ್ಮ ಅಷ್ಟು ಹೊತ್ತು ಸುಮ್ಮನಿದ್ದರು. ಈಗ ಬಾಯಿಬಿಟ್ಟರು: "ನೀವು ಗಂಡಸರು ಅಂಗಡೀಲಿ ಕೂತಿದ್ರಿ. ನಮ್ಮನ್ನ ಯಾರು ಕರೆದ್ರು? ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ. ಬಾಗಿಲ ಸಂದೀಲಿ ನಿಂತು ಕೇಳ್ತಿದ್ದೆ. ಒಂದು ಮಾತೂ ತಿಳೀಲಿಲ್ಲ. ನಡುರಾತ್ರಿ ಹೊತ್ತಿಗೆ ಎಲ್ಲರೂ ಹೋ ಅಂತ ಕೂಗಿದ್ರು. ನಾನೂ ಚಪ್ಪಾಳೆ ತಟ್ಟಿದೆ. ಯಾಕೆ ಅಂತ ಬೆಳಿಗ್ಗೆ ಗೊತ್ತಾಯ್ತು."

ಯಾರೂ ಮಾತಾಡಲಿಲ್ಲ. "ನಮಗೆ ಹೊಳೀಲೇ ಇಲ್ಲ ಕಣಮ್ಮ" ಎಂದರು ಅಜ್ಜ.

ರನ್ನಿನ ಲೆಕ್ಕ ಪುಸ್ತಕದಲ್ಲಿದೆ. ದೊಡ್ಡಮ್ಮನ ಚಪ್ಪಾಳೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಅವರೇ ಬರೆಯಬೇಕು. ಅಂದೇ ಅವರು ನೋಟ್‌ಬುಕ್ ತೆಗೆದು ಐದು ಸಾಲು ಬರೆದರು. ನಾವೆಲ್ಲ ಓದಿದೆವು.

ಈಗ ಮೊಬೈಲಿನಲ್ಲೇ ಆಟ ನೋಡಬಹುದು. ಆದರೆ ಕೂಡಿ ನೋಡುವ ಸುಖವೇ ಬೇರೆ. ಮುಂದಿನ ವಿಶ್ವಕಪ್ ಫೈನಲನ್ನು ಕೇಂದ್ರದಲ್ಲೇ ಕೂಡಿ ನೋಡೋಣ ಎಂದು ತೀರ್ಮಾನಿಸಿದ್ದೇವೆ. ಮುಂದಿನ ಸಾಲು ಹೆಣ್ಣುಮಕ್ಕಳಿಗೆ.

ಅಭ್ಯಾಸ

1. ಅಜ್ಜನ ನೆನಪಿನಲ್ಲಿ ಏನು ತಪ್ಪಿತ್ತು?
2. ಫೈನಲ್‌ನಲ್ಲಿ ಭಾರತ ಎಷ್ಟು ರನ್ನಿನಿಂದ ಗೆದ್ದಿತು? ಲೆಕ್ಕ ಮಾಡಿ.
3. ನಿಮ್ಮೂರಿನ ಜನ ಕೂಡಿ ನೋಡಿದ ಆಟ, ನಾಟಕ ಅಥವಾ ಸಿನಿಮಾ ಯಾವುದು? ಆಗ ಯಾರು ಒಳಗಿದ್ದರು? ಯಾರು ಹೊರಗಿದ್ದರು? ಐದು ಸಾಲು ಬರೆಯಿರಿ.